ಭರಣಿ ಬರುವಷ್ಟರಲ್ಲಿ

ಡಿಸೆಂಬರ್, ಕೊಕ್ಕರೆ ಬೆಳ್ಳೂರು

ರಾಗಿ ಕೊಯ್ಲು ಮುಗಿದು ಕಣದಲ್ಲಿ ಮೆದೆ ಏಳುವ ಹೊತ್ತಿಗೆ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳ ನೆತ್ತಿಯಲ್ಲಿ ಹೆಜ್ಜಾರ್ಲೆಗಳು ಕಾಣಿಸಿಕೊಳ್ಳುತ್ತವೆ. ಮೊದಲಿಗೆ ನಾಲ್ಕಾರು, ವಾರ ಕಳೆದರೆ ಹತ್ತಾರು. ಬಂದ ದಿನವೇ ಗೂಡಿಗೆ ಕೈಹಾಕುವ ಹಕ್ಕಿಗಳಲ್ಲ ಇವು. ಒಂದು ಮರದಲ್ಲಿ ಕೂರುತ್ತವೆ, ಎದ್ದು ಇನ್ನೊಂದಕ್ಕೆ ಹೋಗುತ್ತವೆ, ಶಿಂಷಾ ಹೊಳೆಯ ಕಡೆಗೊಂದು ಸುತ್ತು ಹೊಡೆದು ಸಂಜೆಗೆ ಮರಳುತ್ತವೆ. ಸುಮ್ಮನೆ ಕಾಲ ಕಳೆಯುತ್ತಿವೆ ಎಂದುಕೊಳ್ಳಬೇಕು, ಹಾಗಿರುತ್ತದೆ ವರಸೆ. ಆಮೇಲೊಂದು ಬೆಳಿಗ್ಗೆ ಒಂದು ಹಕ್ಕಿ ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡು ಬಂದು ಇಳಿಯುತ್ತದೆ. ಅಲ್ಲಿಂದ ಮುಂದೆ ಬಿಡುವೆಂಬುದಿಲ್ಲ.

ಮದ್ದೂರು ತಾಲ್ಲೂಕಿನ ಈ ಊರಿಗೆ ಬೆಂಗಳೂರು–ಮೈಸೂರು ಹೆದ್ದಾರಿಯ ರುದ್ರಾಕ್ಷಿಪುರದಲ್ಲಿ ತಿರುಗಬೇಕು. ಹಿಂದೆ ಊರು ಶಿಂಷಾ ದಡದಲ್ಲಿತ್ತು, ಪ್ಲೇಗು ಬಂದಾಗ ಜನ ಈಗಿನ ಜಾಗಕ್ಕೆ ಎದ್ದು ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ 1976ರಲ್ಲಿ ಇಲ್ಲಿನ ಹಕ್ಕಿಗಳನ್ನು ಹೊರಲೋಕದ ಗಮನಕ್ಕೆ ತಂದರು. 1994ರಿಂದ ಮೈಸೂರಿನ ಕೆ. ಮನು ಊರಿನ ಹುಡುಗರನ್ನು ಜೊತೆಗೂಡಿಸಿಕೊಂಡು ‘ಹೆಜ್ಜಾರ್ಲೆ ಬಳಗ’ ಬೆಳೆಸಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಇಷ್ಟು ಇತಿಹಾಸ ಸಾಕು. ನಾನು ಇಲ್ಲಿಗೆ ಬರುವುದು ಹಕ್ಕಿಗಳ ವೇಳಾಪಟ್ಟಿ ನೋಡುವುದಕ್ಕೆ.

ಲೆಕ್ಕ ಹೀಗಿದೆ. ಹೆಜ್ಜಾರ್ಲೆಯ ಮೊಟ್ಟೆ ಒಡೆಯಲು 30ರಿಂದ 33 ದಿನ ಬೇಕು. ಮೊಟ್ಟೆಯಿಂದ ಬಂದ ಮರಿ ಗೂಡಿನಲ್ಲೋ ಗೂಡಿನ ಆಸುಪಾಸಿನಲ್ಲೋ ಮೂರರಿಂದ ಐದು ತಿಂಗಳು ಇರುತ್ತದೆ. ಗೂಡು ಕಟ್ಟುವ ದಿನಗಳು ಬೇರೆ. ಎಲ್ಲವನ್ನೂ ಬಿಗಿಯಾಗಿ ಹಿಡಿದರೂ ಕೆಲಸ ನಾಲ್ಕು ತಿಂಗಳು ದಾಟುತ್ತದೆ. ಡಿಸೆಂಬರ್ ನಡುವಿಗೆ ಮೊಟ್ಟೆ ಇಟ್ಟರೆ ಜನವರಿ ನಡುವಿಗೆ ಮರಿ, ಏಪ್ರಿಲ್ ನಡುವಿಗೆ ರೆಕ್ಕೆ ಬಲಿತ ಹಕ್ಕಿ. ಏಪ್ರಿಲ್ 27ರ ಸುಮಾರಿಗೆ ಭರಣಿ ಮಳೆ ಹೂಡುತ್ತದೆ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವುದು ರೈತನ ಮಾತು. ಮರದ ತುದಿಯ ಗೂಡಿಗೆ ಆ ಮಾತು ಒಗ್ಗುವುದಿಲ್ಲ. ಮುಂಗಾರಿಗೆ ಮೊದಲು ಬರುವ ಮಳೆ ಒಂಟಿಯಾಗಿ ಬರುವುದಿಲ್ಲ. ಮಧ್ಯಾಹ್ನವಿಡೀ ಧಗೆ, ನಾಲ್ಕು ಗಂಟೆಗೆ ಪಡುವಣದಲ್ಲಿ ಕಪ್ಪು, ಆಮೇಲೆ ತೆಂಗಿನ ಗರಿ ಮುರಿಯುವ ಗಾಳಿ. ಅಷ್ಟರೊಳಗೆ ಮರಿ ಹಾರುವಂತಿದ್ದರೆ ಸರಿ, ಇಲ್ಲದಿದ್ದರೆ ಕೊಂಬೆ ಹಿಡಿದು ನಿಲ್ಲುವ ಬಲವಾದರೂ ಬಂದಿರಬೇಕು. ಹೆಜ್ಜಾರ್ಲೆಗೆ ಏಪ್ರಿಲ್ ಎಂದರೇನೆಂದು ಗೊತ್ತಿಲ್ಲ. ಆದರೆ ಎಷ್ಟೋ ಸಾವಿರ ತಲೆಮಾರುಗಳಲ್ಲಿ ತಡಮಾಡಿದವುಗಳ ಮರಿಗಳು ಕಡಿಮೆ ಉಳಿದವು, ಹೊತ್ತಿಗೆ ಹೊರಟವುಗಳ ಮರಿಗಳು ಹೆಚ್ಚು ಉಳಿದವು. ಹಾಗಾಗಿ ಕೊನೆಯಿಂದ ಹಿಂದಕ್ಕೆ ಎಣಿಸುವ ಕೆಲಸ ಹಕ್ಕಿಯ ಮೈಯಲ್ಲೇ ಮುಗಿದಿದೆ. ಅದಕ್ಕೆ ಗೊತ್ತಿರಬೇಕಾದದ್ದು ಶುರು ಮಾಡುವ ದಿನ ಒಂದೇ.

ಗಾಳಿಯೊಂದೇ ಅಲ್ಲ, ಮೀನಿನ ಲೆಕ್ಕವೂ ಇದರೊಳಗಿದೆ. ಮಂಡ್ಯ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ದೊಡ್ಡದು. ತೈಲೂರು ಕೆರೆ, ಮದ್ದೂರು ಕೆರೆ ಆಗ ತುಂಬುತ್ತವೆ. ಆಮೇಲೆ ನೀರು ಇಳಿಯುತ್ತಾ ಹೋದಂತೆ ಮೀನು ಕಿರಿದಾದ ಮಡುಗಳಲ್ಲಿ ಒತ್ತಾಗುತ್ತದೆ. ಮರಿಗಳಿಗೆ ಹಸಿವು ವಿಪರೀತವಾಗುವ ವಾರಗಳೂ ಮೀನು ಸುಲಭಕ್ಕೆ ಸಿಗುವ ವಾರಗಳೂ ಒಂದಾಗಬೇಕು. ಹಕ್ಕಿಗಳ ಸಂತಾನಕಾಲವನ್ನು ತೀರ್ಮಾನಿಸುವುದು ಮರಿಗಳಿಗೆ ಸಿಗುವ ಆಹಾರ ಎಂದು ಇಂಗ್ಲೆಂಡಿನ ಹಕ್ಕಿ ವಿಜ್ಞಾನಿ ಡೇವಿಡ್ ಲ್ಯಾಕ್ ಕಳೆದ ಶತಮಾನದ ನಡುವಿನಲ್ಲಿ ವಾದಿಸಿದ್ದರು. ಅವರು ಅದನ್ನು ಓಕ್ ಮರದ ಕಂಬಳಿಹುಳು, ಗ್ರೇಟ್ ಟಿಟ್ ಹಕ್ಕಿಗಳ ನಾಡಿನಲ್ಲಿ ಕುಳಿತು ಹೇಳಿದರು. ಶಿಂಷಾ ದಡದಲ್ಲೂ ಅದು ಹಾಗೆಯೇ ಹೊಂದುತ್ತದೆ.

ಫೆಬ್ರವರಿ, ಅದೇ ಮರಗಳು

ಈಗ ಬಣ್ಣದ ಕೊಕ್ಕರೆಗಳ ಗದ್ದಲ. ಹೆಜ್ಜಾರ್ಲೆಗಳು ಹಿಡಿದ ಮರದಲ್ಲೇ ಮಿಕ್ಕ ಕೊಂಬೆಗಳನ್ನು ಹಿಡಿದಿವೆ. ಕೆಲವು ಗೂಡುಗಳಲ್ಲಿ ಇನ್ನೂ ಕಡ್ಡಿ ಜೋಡಣೆ ನಡೆದಿದೆ. ಪಕ್ಕದಲ್ಲೇ ಹೆಜ್ಜಾರ್ಲೆಯ ಮರಿ ಬಿಳಿ ತುಪ್ಪುಳ ಹೊದ್ದು, ತಾಯಿಯ ಕೊಕ್ಕಿನ ಚೀಲದೊಳಗೆ ಕುತ್ತಿಗೆಯ ತನಕ ತಲೆ ತೂರಿಸಿ ಮೀನು ಎಳೆಯುತ್ತಿದೆ. ಒಬ್ಬರು ಅರ್ಧ ದಾರಿ ಮುಗಿಸಿರುವಾಗ ಇನ್ನೊಬ್ಬರು ಈಗ ಹೊರಡುತ್ತಿದ್ದಾರೆ. ನೋಡಿದವರಿಗೆ ಕೊಕ್ಕರೆ ಸೋಮಾರಿ ಎನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಕೊಕ್ಕರೆಯ ಕೆಲಸವೇ ಚಿಕ್ಕದು. ಕಾವು ಸುಮಾರು ಒಂದು ತಿಂಗಳು, ಮರಿ ಹಾರಲು ಸುಮಾರು ಎರಡು ತಿಂಗಳು. ಫೆಬ್ರವರಿ ಮೊದಲ ವಾರ ಮೊಟ್ಟೆಯಿಟ್ಟರೂ ಮೇ ಮೊದಲ ವಾರಕ್ಕೆ ಮರಿ ರೆಕ್ಕೆ ಬಡಿಯುತ್ತದೆ. ತಿಂಗಳು ಒಂದೂವರೆ ತಿಂಗಳು ತಡವಾಗಿ ಹೊರಟು ಹೆಜ್ಜಾರ್ಲೆಯ ಹೆಚ್ಚುಕಡಿಮೆ ಜೊತೆಜೊತೆಗೇ ಅದು ದಡ ಮುಟ್ಟುತ್ತದೆ. ಇದೇ ಬಣ್ಣದ ಕೊಕ್ಕರೆ ಉತ್ತರದ ಭರತಪುರದಲ್ಲಿ ಮುಂಗಾರಿನ ಬೆನ್ನಿಗೇ, ಆಗಸ್ಟ್–ಸೆಪ್ಟೆಂಬರಿನಲ್ಲೇ ಗೂಡು ಕಟ್ಟುತ್ತದೆ. ಅಲ್ಲಿನ ನೀರಿನ ಲೆಕ್ಕ ಬೇರೆ, ಹಾಗಾಗಿ ತಾರೀಖೂ ಬೇರೆ. ಪಕ್ಕದ ಮನೆಯವರು ಕೆಲಸ ಯಾವಾಗ ಶುರು ಮಾಡಿದರೆಂದು ನೋಡಿ ನಾವು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ ಎಂಬುದಕ್ಕೆ ಈ ಹುಣಸೆ ಮರ ಸಾಕ್ಷಿ. ಅವರ ಕೆಲಸದ ಉದ್ದ ಎಷ್ಟು, ನಮ್ಮದೆಷ್ಟು ಎಂದು ಮೊದಲು ಅಳೆಯಬೇಕು.

ಮರದ ಕೆಳಗೆ ಹೈಸ್ಕೂಲಿನ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳ ಕೈಯಲ್ಲಿ ಇನ್ನೂರು ಪುಟದ ರೂಲ್ ನೋಟ್‌ಬುಕ್ಕು. ಅದರಲ್ಲಿ ಅಡಿಕೋಲಿನಿಂದ ಗೆರೆ ಎಳೆದು ಕಾಲಂ ಮಾಡಿದ್ದಳು: ತಾರೀಖು, ಗಂಟೆ, ಗೂಡಿನ ನಂಬರು, ತಾಯಿ ಇದೆಯೇ, ಮರಿ ಎಷ್ಟು, ಇತರೆ. ಗೂಡಿಗೆ ನಂಬರು ಕೊಡಲು ಮರದ ಚಿತ್ರ ಬರೆದು ಕೊಂಬೆ ಗುರುತು ಹಾಕಿದ್ದಳು. ‘ಇತರೆ’ ಕಾಲಂನಲ್ಲಿ ಒಂದು ಸಾಲು: ‘3ನೇ ಗೂಡು. ಮೂರು ಮರಿ. ಮೂರೂ ಒಂದೇ ಸೈಜ್ ಇಲ್ಲ.’

ಒಳ್ಳೆಯ ಸಾಲು ಅದು. ದುರ್ಬೀನಿನಲ್ಲಿ ನಾನೂ ಆ ಹೆಜ್ಜಾರ್ಲೆ ಗೂಡನ್ನು ನೋಡಿದೆ. ದೊಡ್ಡದು ನಿಂತು ರೆಕ್ಕೆ ಕೊಡವುತ್ತಿತ್ತು, ನಡುವಿನದು ಕುಕ್ಕರಿಸಿ ಕೂತಿತ್ತು, ಚಿಕ್ಕದರ ತಲೆ ಮಾತ್ರ ಗೂಡಿನ ಅಂಚಿನಿಂದ ಆಗಾಗ ಮೇಲೆ ಬರುತ್ತಿತ್ತು. ತಾಯಿ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಡಿಸಿ, ಮೂರಕ್ಕೂ ನೆರಳು ಮಾಡಿ ನಿಂತಿತ್ತು. ಹನ್ನೊಂದರ ಬಿಸಿಲಿನಿಂದ ಹಿಡಿದು ನೆರಳು ಸರಿದಂತೆಲ್ಲ ಅದೂ ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಹೋಯಿತು.

ಈ ಹಕ್ಕಿಗಳು ಎಲ್ಲ ಮೊಟ್ಟೆ ಇಟ್ಟಾದ ಮೇಲೆ ಕಾವಿಗೆ ಕೂರುವುದಿಲ್ಲ. ಮೊದಲ ಮೊಟ್ಟೆ ಬಿದ್ದಾಗಲೇ ಕಾವು ಶುರು. ಆದ್ದರಿಂದ ಮೊಟ್ಟೆ ಬಿದ್ದ ಅಂತರದಲ್ಲೇ ಮರಿಗಳೂ ಒಂದರ ಹಿಂದೊಂದು ಹೊರಬರುತ್ತವೆ. ಮೀನು ಧಾರಾಳವಾದ ವರ್ಷ ಮೂರೂ ಬದುಕುತ್ತವೆ. ಕೆರೆ ಬತ್ತಿದ ವರ್ಷ ಚಿಕ್ಕದು ಹೋಗುತ್ತದೆ, ದೊಡ್ಡದು ಉಳಿಯುತ್ತದೆ. ಮೂರೂ ಒಂದೇ ಅಳತೆಯಲ್ಲಿದ್ದರೆ ಇದ್ದಷ್ಟು ಮೀನನ್ನು ಸಮನಾಗಿ ಹಂಚಿಕೊಂಡು ಮೂರೂ ಸೊರಗುವ ಅಪಾಯವಿತ್ತು ಎಂಬುದು ಲ್ಯಾಕ್ ಕೊಟ್ಟ ವಿವರಣೆ. ಕ್ರೂರ ಎನ್ನಿಸುತ್ತದೆ. ಆದರೆ ಮುಂದಿನ ಮೂರು ತಿಂಗಳು ಮೀನು ಹೇಗಿರುತ್ತದೆಂದು ತಿಳಿಯದ ಹಕ್ಕಿ ಮಾಡಿಕೊಂಡ ಏರ್ಪಾಡು ಇದು. ಎಲ್ಲವನ್ನೂ ಒಂದೇ ದಿನಕ್ಕೆ ಕಟ್ಟಿಹಾಕದೆ ಬೇರೆಬೇರೆ ದಿನಕ್ಕೆ ಹರಡುವುದು.

ಇದೇ ತಿಂಗಳುಗಳಲ್ಲಿ ಹುಣಸೆಹಣ್ಣೂ ಮಾಗುತ್ತದೆ. ಮರದ ಯಜಮಾನನಿಗೆ ಹಣ್ಣು ಉದುರಿಸುವ ಕಾಲ, ಹಕ್ಕಿಗೆ ಮರಿ ಸಾಕುವ ಕಾಲ. ಎರಡರಲ್ಲಿ ಒಂದು ಬಿಟ್ಟುಕೊಡಬೇಕು. ಬೆಳ್ಳೂರಿನವರು ಹಣ್ಣನ್ನು ಬಿಟ್ಟುಕೊಟ್ಟಿದ್ದಾರೆ. ಅದಕ್ಕೆ ಅರಣ್ಯ ಇಲಾಖೆಯಿಂದ ಮರದ ಲೆಕ್ಕದಲ್ಲಿ ಪರಿಹಾರವಿದೆ, ಮರದ ಬುಡದಲ್ಲಿ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಆದರೂ ಮನೆ ಮುಂದಿನ ಮರದ ಫಸಲನ್ನು ಕೈಬಿಡುವುದು ಹಗುರವಾದ ತೀರ್ಮಾನವಲ್ಲ. ಎರಡು ಗಡುವುಗಳು ಒಂದೇ ಮರದಲ್ಲಿ ಬಂದು ಕೂತಾಗ ಯಾವುದಕ್ಕೆ ಮೊದಲ ಮಣೆ ಎಂದು ಈ ಊರು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿತ್ತು. ಪ್ರತಿ ವರ್ಷ ಕೂತು ಚರ್ಚಿಸುವ ಗೋಜಿಲ್ಲ.

ಏಪ್ರಿಲ್ ಕೊನೆ, ಮೇ

ಗಾಳಿ ಬಂದು ಹೋದ ಮರುದಿನ ಬೆಳಿಗ್ಗೆ ಊರೊಳಗೆ ಒಂದು ಸುತ್ತು ಬಂದರೆ ಸಾಕು, ಯಾರು ಹೊತ್ತಿಗೆ ಮುಗಿಸಿದರು, ಯಾರು ಮುಗಿಸಲಿಲ್ಲ ಎಂದು ಗೊತ್ತಾಗುತ್ತದೆ. ಡಿಸೆಂಬರಿನ ಗೂಡುಗಳು ಖಾಲಿ. ಅವುಗಳ ಮರಿಗಳು ಕೆರೆಯಲ್ಲಿ ತೇಲುತ್ತಿರುತ್ತವೆ. ತಡವಾಗಿ ಕಟ್ಟಿದ ಗೂಡುಗಳ ಮರಿಗಳು ಕೆಲವು ನೆಲದ ಮೇಲೆ. ಬೆಳೆದ ಮೈ, ಬೆಳೆಯದ ರೆಕ್ಕೆ. ಬಿದ್ದವುಗಳನ್ನು ಎತ್ತಿ ತಂದು, ತಂತಿಬೇಲಿಯ ಆವರಣದಲ್ಲಿಟ್ಟು, ಮೀನು ಹಾಕಿ, ಹಾರುವಂತಾದ ಮೇಲೆ ಬಿಡುವ ಕೆಲಸವನ್ನು ಬಳಗದ ಹುಡುಗರು ಮಾಡುತ್ತಾ ಬಂದಿದ್ದಾರೆ. ಗಡುವು ತಪ್ಪಿದವುಗಳಿಗೆ ಸಿಕ್ಕ ವಾಯಿದೆ ಅದು. ಎಲ್ಲ ಊರಿನ ಹಕ್ಕಿಗೂ ಸಿಗುವಂಥದ್ದಲ್ಲ.

ತಡವಾದ ಹಕ್ಕಿ ಏನು ಮಾಡುತ್ತದೆ? ಅನೇಕ ಜಾತಿಯ ಹಕ್ಕಿಗಳಲ್ಲಿ ಕಂಡುಬಂದಿರುವ ಸಂಗತಿಯೊಂದಿದೆ: ಋತು ಕಳೆಯುತ್ತಾ ಬಂದಂತೆ ಇಡುವ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ. ಮೊದಲು ಶುರು ಮಾಡಿದವು ನಾಲ್ಕಿಟ್ಟರೆ ಕೊನೆಗೆ ಶುರು ಮಾಡಿದವು ಎರಡೋ ಮೂರೋ. ಅವು ಕಾವಿನ ದಿನಗಳನ್ನು ಕಡಿಮೆ ಮಾಡಲಾರವು, ಮರಿಯ ಮೂಳೆ ಬಲಿಯುವುದನ್ನು ಅವಸರಿಸಲಾರವು. ಕೈಯಲ್ಲಿರುವುದು ಒಂದೇ, ಕೆಲಸವನ್ನೇ ಚಿಕ್ಕದು ಮಾಡಿಕೊಳ್ಳುವುದು.

ಮದ್ದೂರಿನವರಿಗೆ ಈ ವಿದ್ಯೆ ಹೊಸದಲ್ಲ. 1917ರಲ್ಲಿ ಮದ್ದೂರು ರೈಲ್ವೆ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಪಕೋಡಕ್ಕೆ ಹಿಟ್ಟು ಕಲಸುವಷ್ಟರಲ್ಲಿ ರೈಲು ಬರುವ ಹೊತ್ತಾಯಿತಂತೆ. ಒಂದೊಂದಾಗಿ ಬಿಟ್ಟು ಕರಿಯಲು ಸಮಯವಿಲ್ಲ. ಅದೇ ಹಿಟ್ಟನ್ನು ಅಗಲವಾಗಿ ತಟ್ಟಿ ಎಣ್ಣೆಗೆ ಬಿಟ್ಟರು, ಮದ್ದೂರು ವಡೆ ಹುಟ್ಟಿತು ಎಂಬುದು ಊರೂರಲ್ಲಿ ನಡೆದು ಬಂದ ಕತೆ. ಕತೆಯಲ್ಲಿ ಗಮನಿಸಬೇಕಾದದ್ದು ಅವರು ಬೆಂಕಿ ಹೆಚ್ಚು ಮಾಡಲಿಲ್ಲ ಎಂಬುದನ್ನು. ಹೆಚ್ಚು ಮಾಡಿದ್ದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತಿತ್ತು. ಆಕಾರ ಬದಲಿಸಿದರು, ಅಷ್ಟೆ.

ಆಗಸ್ಟ್, ಮಳವಳ್ಳಿಯ ನಾಲೆ ಏರಿ

ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಮಳೆ ನಂಬಿದ್ದ ಮಂಡ್ಯ ಸೀಮೆ 1930ರ ದಶಕದಲ್ಲಿ ಗದ್ದೆಬಯಲಾದದ್ದು ಈ ನೀರಿನಿಂದ. ಈಗಲೂ ಜುಲೈ, ಆಗಸ್ಟ್ ಬಂತೆಂದರೆ ಜಿಲ್ಲೆಯ ಟೀ ಅಂಗಡಿಗಳಲ್ಲಿ ಮೊದಲ ಮಾತು ಕಟ್ಟೆಯಲ್ಲಿ ನೀರು ಎಷ್ಟಡಿ ಎನ್ನುವುದು. 124.80 ಅಡಿ ಮುಟ್ಟಿತೆಂದರೆ ತುಂಬಿತು ಎಂದರ್ಥ.

ನೀರು ಬಿಟ್ಟ ದಿನವೇ ಎಲ್ಲರಿಗೂ ನೀರು ಬರುವುದಿಲ್ಲ. ನಾಲೆಯ ತಲೆಯಲ್ಲಿರುವವರು ನಾಟಿಗೆ ಇಳಿಯುವಾಗ ಮದ್ದೂರು, ಮಳವಳ್ಳಿಯ ಕೊನೆ ಭಾಗದವರು ಇನ್ನೂ ಏರಿಯ ಮೇಲೆ ನಿಂತು ಬಗ್ಗಿ ನೋಡುತ್ತಿರುತ್ತಾರೆ. ಕಟ್ಟು ನೀರಿನ ಪದ್ಧತಿಯಾದರೆ ಕೆಲವು ದಿನ ನೀರು, ಕೆಲವು ದಿನ ಇಲ್ಲ. ಭತ್ತಕ್ಕೆ ಇದು ಕಷ್ಟದ ಲೆಕ್ಕ. ಒಟ್ಲು ಹಾಕಿದ ಮೇಲೆ ಮೂರು ವಾರ, ಮೂರೂವರೆ ವಾರಕ್ಕೆ ಪೈರು ಕಿತ್ತು ನಾಟಿ ಮಾಡಿದರೆ ಚೆನ್ನ. ನೀರು ಬರಲಿಲ್ಲವೆಂದು ಪೈರನ್ನು ಒಟ್ಲಿನಲ್ಲೇ ಬಿಟ್ಟರೆ ಅದು ಅಲ್ಲೇ ಬಲಿಯುತ್ತದೆ. ಆಮೇಲೆ ನಾಟಿ ಮಾಡಿದರೂ ತೆಂಡೆ ಒಡೆಯುವುದು ಕಡಿಮೆ.

ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ರೈತರೊಬ್ಬರ ಒಟ್ಲು ಎರಡು ಬಣ್ಣದಲ್ಲಿತ್ತು. ಒಂದು ಮಡಿಯಲ್ಲಿ ಗೇಣುದ್ದ ಪೈರು, ಪಕ್ಕದ ಮಡಿಯಲ್ಲಿ ಆಗ ತಾನೇ ಮೊಳೆತ ಎಳೆ ಹಸಿರು. ಯಾಕೆ ಹೀಗೆ ಎಂದು ಕೇಳಿದೆ.

“ನೀರು ನಮ್ಮ ಕೈಲೈತಾ ಸಾ? ಬೇಗ ಬುಟ್ರೆ ಇದು, ತಡವಾಗಿ ಬುಟ್ರೆ ಅದು. ಎಲ್ಡೂ ಹಾಳಾಗಕಿಲ್ಲ” ಎಂದರು.

“ಬೀಜ ಎರಡು ಪಟ್ಟು ಖರ್ಚಾಗಲಿಲ್ಲವೇ?”

“ಆಯ್ತದೆ. ಬಯಲೆಲ್ಲಾ ಬೀಡು ಬಿದ್ರೆ ಅದ್ಕಿಂತ ಜಾಸ್ತಿ ಆಯ್ತದೆ.”

ಬೆಳ್ಳೂರಿನ ಹೆಜ್ಜಾರ್ಲೆಯ ಮೂರು ಅಳತೆಯ ಮರಿಗಳು ನೆನಪಿಗೆ ಬಂದವು. ತಾರೀಖು ನಮ್ಮ ಕೈಯಲ್ಲಿಲ್ಲದಾಗ, ಬೇರೆ ಯಾರೋ ನೀರು ಬಿಡಬೇಕಾದಾಗ, ಯಾರೋ ಸಹಿ ಹಾಕಬೇಕಾದಾಗ, ಒಂದೇ ದಿನಕ್ಕೆ ಎಲ್ಲವನ್ನೂ ಒಡ್ಡುವುದು ಜಾಣತನವಲ್ಲ ಎಂದು ಆ ಹಕ್ಕಿಯೂ ಈ ಯಜಮಾನರೂ ಬೇರೆಬೇರೆ ದಾರಿಯಲ್ಲಿ ಕಂಡುಕೊಂಡಿದ್ದಾರೆ.

ಏರಿಯಾಚೆ ಈಚಲು ಮರವೊಂದರಲ್ಲಿ ಗೀಜಗಗಳು ಕೆಲಸದಲ್ಲಿದ್ದವು. ಗಂಡು ಕಬ್ಬಿನ ಸೋಗೆಯ ಮೇಲೆ ಕೂತು ಎಲೆಯ ಅಂಚಿಗೆ ಕೊಕ್ಕಿನಿಂದ ಒಂದು ಕಚ್ಚು ಹಾಕಿತು. ಕಚ್ಚಿದ ತುದಿಯನ್ನು ಬಿಡದೆ ಹಿಡಿದು ಹಾಗೇ ಹಾರಿತು. ಹಾರಿದ ರಭಸಕ್ಕೆ ಎಲೆಯ ಉದ್ದಕ್ಕೂ ಸಣ್ಣ ನಾರು ಸೀಳಿ ಬಂತು. ಮರಕ್ಕೆ ಬಂದು ಆ ನಾರನ್ನು ಗೂಡಿನ ಬಳೆಗೆ ಸುತ್ತಿ, ತುದಿಯನ್ನು ಒಳಕ್ಕೆ ತುರುಕಿ, ಆಚೆಯಿಂದ ಎಳೆದು, ಮತ್ತೆ ತುರುಕಿತು. ಮತ್ತೆ ಹಾರಿತು. ಒಂದು ಗೂಡು ಮುಗಿಯಲು ಸುಮಾರು 18 ದಿನ ಹಿಡಿಯುತ್ತದೆ, 500ರವರೆಗೂ ಓಡಾಟವಾಗುತ್ತದೆ ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ.

ಗೀಜಗದ ಜಾಣತನ ಇರುವುದು ಆ 18 ದಿನಗಳ ನಡುವಿನಲ್ಲಿ. ಸುಮಾರು ಎಂಟನೆಯ ದಿನಕ್ಕೆ ಗೂಡು ಬೋರಲು ಹಾಕಿದ ಬುಟ್ಟಿಯಂತೆ ತೂಗುತ್ತಿರುತ್ತದೆ. ಹಕ್ಕಿ ನೋಡುವವರು ಇದಕ್ಕೆ ಹೆಲ್ಮೆಟ್ ಹಂತ ಎನ್ನುತ್ತಾರೆ. ಕೆಳಗೆ ಕೊಳವೆಯಿಲ್ಲ, ಮೊಟ್ಟೆಯ ಕೋಣೆ ಮುಚ್ಚಿಲ್ಲ. ಗಂಡು ಇಲ್ಲಿಗೆ ನಿಲ್ಲಿಸಿ, ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿದು ಕೂಗುತ್ತದೆ. ಹೆಣ್ಣುಗಳು ಗುಂಪಾಗಿ ಬರುತ್ತವೆ, ಒಳಹೊಕ್ಕು ನೋಡುತ್ತವೆ, ಹೋಗುತ್ತವೆ. ಒಪ್ಪಿಗೆಯಾದರೆ ಮಾತ್ರ ಗಂಡು ಕೊಳವೆ ಇಳಿಸಿ ಗೂಡು ಪೂರೈಸುತ್ತದೆ. ಒಪ್ಪಿಗೆಯಾಗದಿದ್ದರೆ ಅದನ್ನು ಅಲ್ಲಿಗೇ ಬಿಟ್ಟು ಇನ್ನೊಂದಕ್ಕೆ ಬಳೆ ಸುತ್ತುತ್ತದೆ. ಈಚಲು ಮರದಲ್ಲಿ ತೂಗುವ ಅರೆಬರೆ ಗೂಡುಗಳನ್ನು ನೋಡಿ ಇದೆಲ್ಲ ಕೈಲಾಗದ ಹಕ್ಕಿಯ ಕೆಲಸ ಎಂದುಕೊಳ್ಳುವುದು ಸುಲಭ. ಹದಿನೆಂಟು ದಿನ ದುಡಿದ ಮೇಲೆ ಬೇಡವೆನ್ನಿಸಿಕೊಳ್ಳುವುದಕ್ಕಿಂತ ಎಂಟು ದಿನಕ್ಕೇ ಕೇಳಿಬಿಡುವುದು ಲಾಭ. ಅರ್ಧ ಕೆಲಸ ತೋರಿಸಲು ನಾಚಿಕೊಳ್ಳುವುದು ಮನುಷ್ಯರು ಮಾತ್ರ.

ಇದನ್ನು ನಮ್ಮ ದೇಶದಲ್ಲಿ ಕೂಲಂಕಷವಾಗಿ ನೋಡಿ ಬರೆದವರು ಸಲೀಂ ಅಲಿ. 1930ರಲ್ಲಿ ಕೈಯಲ್ಲಿ ನೌಕರಿಯಿಲ್ಲದೆ ಮುಂಬೈ ಬಳಿಯ ಕಿಹೀಮ್‌ನಲ್ಲಿದ್ದಾಗ, ಆ ಮಳೆಗಾಲ ಗೀಜಗಗಳ ಒಂದು ಕಾಲೊನಿಯ ಮುಂದೆ ಕೂತರು. ಒಂದೇ ಗಂಡು ಒಂದಾದ ಮೇಲೊಂದು ಗೂಡು ಕಟ್ಟಿ ಹಲವು ಹೆಣ್ಣುಗಳ ಜೊತೆ ಸಂಸಾರ ಹೂಡುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅವರೇ ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಕೊಟ್ಟ ಸಲಹೆಯಂತೆ 1940ರಲ್ಲಿ ಶ್ರೀರಂಗಪಟ್ಟಣದ ರಂಗನತಿಟ್ಟು ಪಕ್ಷಿಧಾಮವಾಯಿತು. ಬಹುಕಾಲದ ನಂತರ ಸುಹೇಲ್ ಕ್ವಾಡರ್ ಗೀಜಗಗಳನ್ನೇ ಅಧ್ಯಯನ ಮಾಡಿ, ಹೆಣ್ಣು ನೇಯ್ಗೆಯ ಅಂದಕ್ಕಿಂತ ಹೆಚ್ಚಾಗಿ ಗೂಡಿರುವ ಜಾಗವನ್ನು ನೋಡಿ ಆರಿಸುತ್ತದೆ ಎಂದು ತೋರಿಸಿದರು. ಜಾಗ ತಪ್ಪಿದ್ದರೆ ಕುಸುರಿಗೆ ಬೆಲೆಯಿಲ್ಲ. ಆ ಸುದ್ದಿ ಎಂಟನೇ ದಿನಕ್ಕೇ ಸಿಕ್ಕಿಬಿಟ್ಟರೆ ಒಳ್ಳೆಯದು.

ನವೆಂಬರ್, ಮಂಡ್ಯದ ಕಬ್ಬಿನ ಗದ್ದೆ

ಕಬ್ಬಿಗೆ ಸೂಲಂಗಿ ಬಂದಿದೆ. ಬೆಳಗಿನ ಬಿಸಿಲಿನಲ್ಲಿ ಬಯಲಿಡೀ ಬೂದುಬಿಳಿ. ಈ ಹೂವಿನ ತೀರ್ಮಾನ ಆದದ್ದು ಈಗಲ್ಲ, ತಿಂಗಳುಗಳ ಹಿಂದೆಯೇ. ಮಂಡ್ಯ ಇರುವ ಅಕ್ಷಾಂಶದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ನಮಗೆ ಗೊತ್ತೇ ಆಗುವುದಿಲ್ಲ. ಹಗಲು ಹನ್ನೆರಡೂವರೆ ಗಂಟೆಯ ಆಸುಪಾಸಿಗೆ ಇಳಿಯುತ್ತಾ ಬಂದಾಗ ಕಬ್ಬಿನ ಸುಳಿ ಅದನ್ನು ಗುರುತಿಸಿ, ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಸಿದ್ಧವಾಗುತ್ತದೆ. ಹೂ ಬಂದ ಜಲ್ಲೆ ಮತ್ತೆ ಉದ್ದವಾಗದು. ಇನ್ನೂ ಬಿಟ್ಟರೆ ಒಳಗೆ ಬೆಂಡಾಗುತ್ತಾ ಹೋಗುತ್ತದೆ.

ಮಂಡ್ಯದಲ್ಲಿ ಕಬ್ಬಿಗೆ ಮನೆ ಮಾಡಿಕೊಟ್ಟವರಲ್ಲಿ ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಮುಖ್ಯರು. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾಯಿತು. ಅಂದಿನಿಂದ ಇಲ್ಲಿನ ರೈತನ ವರ್ಷ ಕಟಿಂಗ್ ಆರ್ಡರಿನ ಸುತ್ತ ತಿರುಗುತ್ತದೆ. ಕಬ್ಬು ಗದ್ದೆಯಲ್ಲಿ ನಿಂತಿರುವಷ್ಟು ಕಾಲ ಒಂದು ಬಗೆಯ ಗಡುವು, ಅದು ತಿಂಗಳ ಲೆಕ್ಕದ್ದು. ಮಚ್ಚು ಬಿದ್ದ ಗಳಿಗೆಯಿಂದ ಇನ್ನೊಂದು ಬಗೆಯದು, ಗಂಟೆಯ ಲೆಕ್ಕದ್ದು. ಕಡಿದ ಜಲ್ಲೆಯಲ್ಲಿ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗತೊಡಗುತ್ತದೆ, ತೂಕವೂ ಇಳಿಯುತ್ತದೆ. ಒಂದು ದಿನದೊಳಗೆ ಗಾಣಕ್ಕೆ ಬಿದ್ದರೆ ಚೆನ್ನ. ಆದ್ದರಿಂದ ಲಾರಿಯೋ ಟ್ರ್ಯಾಕ್ಟರೋ ಗೊತ್ತಾಗದೆ ಬಲ್ಲವರು ಮಚ್ಚು ಎತ್ತುವುದಿಲ್ಲ. ಒಂದು ವರ್ಷ ಕಾದವರು ಇನ್ನೊಂದು ದಿನ ಕಾಯುತ್ತಾರೆ. ಶುರು ಮಾಡಬಾರದ ಹೊತ್ತು ಯಾವುದು ಎಂದು ತಿಳಿಯುವುದೂ ಸಮಯಜ್ಞಾನವೇ.

ಅದೇ ನವೆಂಬರ್, ನೋಟ್‌ಬುಕ್ಕು

ಶಾಲೆಯ ಪ್ರಾಜೆಕ್ಟಿಗೂ ಇದೇ ತಿಂಗಳುಗಳು ಬಿಸಿ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಎಂಬುದೊಂದು 1993ರಿಂದ ನಡೆದು ಬಂದಿದೆ. ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳು ತಮ್ಮ ಊರಿನದೇ ಪ್ರಶ್ನೆಯೊಂದನ್ನು ಹಿಡಿದು, ಅಳೆದು, ಎಣಿಸಿ ವರದಿ ಮಾಡಬೇಕು. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿಕೊಂಡು ಬಂದಿದೆ. ಜಿಲ್ಲೆ, ರಾಜ್ಯ ದಾಟಿ ಹೋದವರಿಗೆ ರಾಷ್ಟ್ರಮಟ್ಟದ ಮೇಳ ಬಹುಕಾಲ ಡಿಸೆಂಬರ್ 27ರಿಂದ 31ರವರೆಗೆ ನಡೆದದ್ದು. ಹಿಂದಕ್ಕೆ ಎಣಿಸಿದರೆ ಜಿಲ್ಲಾ ಮಟ್ಟಕ್ಕೆ ವರದಿ ಸಿದ್ಧವಾಗಬೇಕಾದದ್ದು ಅಕ್ಟೋಬರ್, ನವೆಂಬರಿಗೆ. ವಿಷಯದ ಮಾತು ಶಾಲೆಯಲ್ಲಿ ಬರುವುದು ಜೂನ್ ನಂತರ.

ಇಲ್ಲೇ ತೊಡಕು. ಜೂನಿನಲ್ಲಿ ಹೆಜ್ಜಾರ್ಲೆ ಎಂದು ವಿಷಯ ಆರಿಸಿಕೊಂಡ ಮಗುವಿಗೆ ವರದಿ ಒಪ್ಪಿಸುವವರೆಗೂ ಗೂಡಿನಲ್ಲಿ ಹೆಜ್ಜಾರ್ಲೆ ಕಾಣಸಿಗುವುದಿಲ್ಲ. ಹಕ್ಕಿ ಬರುವಷ್ಟರಲ್ಲಿ ವರದಿಯ ದಿನ ಮುಗಿದಿರುತ್ತದೆ. ಆಗ ಉಳಿಯುವ ದಾರಿ ಇಂಟರ್ನೆಟ್ಟಿನಿಂದ ಇಳಿಸಿ ಚಾರ್ಟಿಗೆ ಅಂಟಿಸುವುದು. ಎಷ್ಟೋ ಪ್ರಾಜೆಕ್ಟುಗಳು ಕೊನೆಯ ರಾತ್ರಿ ಹುಟ್ಟುವುದಕ್ಕೆ ಮಕ್ಕಳ ಸೋಮಾರಿತನವೊಂದೇ ಕಾರಣವಲ್ಲ. ವಿಷಯದ ಕಾಲವನ್ನೂ ಶಾಲೆಯ ಕಾಲವನ್ನೂ ಪಕ್ಕಪಕ್ಕದಲ್ಲಿಟ್ಟು ಯಾರೂ ನೋಡಿರುವುದಿಲ್ಲ.

ಕಾಲ ಜಾರಿದಾಗ ಏನಾಗುತ್ತದೆಂದು ಹಕ್ಕಿಗಳೂ ತೋರಿಸುತ್ತಿವೆ. ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಗ್ರೇಟ್ ಟಿಟ್ ಹಕ್ಕಿಗಳನ್ನು 1947ರಿಂದ ಬಿಡದೆ ಗಮನಿಸುತ್ತಿದ್ದಾರೆ. ವಸಂತ ಬೇಗ ಬೆಚ್ಚಗಾಗತೊಡಗಿ ಕಂಬಳಿಹುಳುಗಳು ಬೇಗ ಹುಟ್ಟಿದಂತೆ, 1961ರಿಂದ 2007ರ ನಡುವೆ ಆ ಹಕ್ಕಿಗಳು ಮೊಟ್ಟೆಯಿಡುವ ದಿನ ಸುಮಾರು ಎರಡು ವಾರ ಹಿಂದಕ್ಕೆ ಬಂತು. ಹುಳು ತಮಗಾಗಿ ಕಾಯುವುದಿಲ್ಲವಾದ್ದರಿಂದ ತಾವೇ ಸರಿದುಕೊಂಡವು. ಇಂಥ ಸಂಗತಿ ಬೆಳಕಿಗೆ ಬಂದದ್ದು ವರ್ಷ ವರ್ಷವೂ ಹೋಗಿ ತಾರೀಖು ಬರೆದಿಟ್ಟವರು ಇದ್ದುದರಿಂದ.

ನಮ್ಮ ಮಕ್ಕಳಿಗೂ ಅಂಥ ದಾರಿಗಳಿವೆ. ‘ಸೀಸನ್‌ವಾಚ್’ ಎಂಬ ದೇಶವ್ಯಾಪಿ ಯೋಜನೆಯಲ್ಲಿ ಒಂದು ಮರವನ್ನು ಆರಿಸಿ, ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ನೋಡಿ ಬರೆಯುವುದಷ್ಟೇ ಕೆಲಸ. ಶಾಲೆಯ ಮುಂದಿನ ಹೊಂಗೆಯೂ ಆಗುತ್ತದೆ. ಫೆಬ್ರವರಿಯ ನಾಲ್ಕು ದಿನ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ಹದಿನೈದು ನಿಮಿಷ ನಿಂತು ಕಂಡದ್ದನ್ನು ಬರೆದರೂ ಲೆಕ್ಕಕ್ಕೆ ಬರುತ್ತದೆ. ಜೂನಿನಲ್ಲಿ ಶುರು ಮಾಡಿ ಅಕ್ಟೋಬರಿಗೆ ಮುಗಿಸಲೇಬೇಕೆಂದರೆ ಗೀಜಗಕ್ಕಿಂತ ಒಳ್ಳೆಯ ವಿಷಯ ಈ ಜಿಲ್ಲೆಯಲ್ಲಿಲ್ಲ. ಶಾಲೆಯ ಕಾಲವೂ ಅದರ ಕಾಲವೂ ಒಂದೇ. ಎಂಟನೇ ದಿನದ ಗೂಡಿನಂತೆ, ಆಗಸ್ಟಿನಲ್ಲೇ ಅರ್ಧ ವರದಿಯನ್ನು ಮೇಷ್ಟರಿಗೆ ತೋರಿಸಿಬಿಟ್ಟರೆ ಜಾಗ ತಪ್ಪಿದ್ದರೂ ಬದಲಿಸಲು ಹೊತ್ತಿರುತ್ತದೆ.

ಫೆಬ್ರವರಿಯಲ್ಲಿ ಕಂಡ ಆ ಹುಡುಗಿಯರು ಮೇ ತಿಂಗಳ ಕೊನೆಯ ಗೂಡಿನವರೆಗೂ ಕಾಲಂ ತುಂಬಿಸಿದ್ದರು. ಪರೀಕ್ಷೆಯ ವಾರಗಳ ಪುಟ ಖಾಲಿ ಇತ್ತು. ಖಾಲಿ ಎಂದೇ ಬರೆದಿದ್ದರು, ಊಹೆಯಿಂದ ತುಂಬಿರಲಿಲ್ಲ. ಮಳೆಗಾಲದಲ್ಲಿ ಕೂತು ಲೆಕ್ಕ ಹಾಕಿ, ನಕಾಶೆ ಬರೆದು, ಅಕ್ಟೋಬರಿಗೆ ವರದಿ ಜೋಡಿಸಿದರು. ಇಡೀ ಊರಿನ ಗೂಡುಗಳನ್ನು ಎಣಿಸುವ ಮೊದಲ ಯೋಚನೆ ಕೈಬಿಟ್ಟು ಒಂದೇ ಮರಕ್ಕೆ ಇಳಿಸಿಕೊಂಡಿದ್ದರು. ಅವರ ಕೆಲಸ ಚಿಕ್ಕದು, ಆದರೆ ಪೂರ್ತಿಯಾದದ್ದು.

ಮುಂದಿನ ಸಮಾವೇಶಕ್ಕೆ ಹೆಜ್ಜಾರ್ಲೆಯೇ ಬೇಕೆನ್ನುವ ಮಗು ಈ ಡಿಸೆಂಬರಿನಲ್ಲೇ ಬೆಳ್ಳೂರಿನ ಬಸ್ಸು ಹತ್ತಬೇಕು. ವಾರಕ್ಕೊಂದು ಬೆಳಿಗ್ಗೆ, ಒಂದು ಮರ, ಒಂದು ಪುಟ. ಕೊನೆಯ ರಾತ್ರಿಯೂ ಇರಲಿ, ಬೇಡವೆನ್ನುವುದಿಲ್ಲ. ಅದು ಹೊದಿಕೆಗೆ ಬಣ್ಣ ಹಚ್ಚುವುದಕ್ಕೆ, ಹಾಳೆಗಳಿಗೆ ಪಿನ್ನು ಹೊಡೆಯುವುದಕ್ಕೆ ಮಾತ್ರ ಇರಲಿ.